ಅಂಗಡಿಯ ಲೆಕ್ಕಕ್ಕೆ ಯಾವ ಅಳತೆಗೋಲು?

ಶಹಾಪುರದ ಬೆಟ್ಟಗಳನ್ನು ತಕ್ಕಷ್ಟು ದೂರದಲ್ಲಿ, ತಕ್ಕ ದಿಕ್ಕಿನಲ್ಲಿ ನಿಂತು ನೋಡಿದವರಿಗೆ ಬುದ್ಧನು ಮಲಗಿರುವಂತೆ ಕಾಣುವುದೆಂಬುದು ನಮ್ಮ ಸೀಮೆಯವರಿಗೆಲ್ಲ ತಿಳಿದ ಸಂಗತಿ. ಆದರೆ ಅಲ್ಲಿರುವುದು ಒಂದೇ ಬೆಟ್ಟವಲ್ಲ. ಬೇರೆ ಬೇರೆ ಗುಡ್ಡಗಳ ಅಂಚುಗಳು ನಮ್ಮ ಕಣ್ಣಿನ ಮಟ್ಟಿಗೆ ಒಂದೇ ಗೆರೆಯಾಗಿ ಕೂಡಿಕೊಂಡಿವೆ, ಅಷ್ಟೆ. ನಿಂತ ಸ್ಥಳವನ್ನು ಬದಲಿಸಿದರೆ ಆ ಆಕೃತಿ ಕರಗಿಹೋಗುವುದು. ಹತ್ತಿರ ಹೋದರೆ ಬರಿಯ ಬಂಡೆಗಳು ಉಳಿಯುವುವು. ಬಂಡೆಗಳೂ ಸುಳ್ಳಲ್ಲ, ಕಂಡ ಆಕೃತಿಯೂ ಸುಳ್ಳಲ್ಲ. ಆದರೆ ಆ ಆಕೃತಿಯಲ್ಲಿ ಬೆಟ್ಟಕ್ಕೆ ಎಷ್ಟು ಪಾಲಿದೆಯೋ ನಾವು ನಿಂತ ನೆಲೆಗೂ ಅಷ್ಟೇ ಪಾಲಿದೆ.

ವ್ಯಾಪಾರದ ಅಂಕಿ-ಅಂಶಗಳನ್ನು ಒಂದೇ ತೆರೆಯ ಮೇಲೆ ಗೆರೆ, ಕಂಬ, ಬಣ್ಣಗಳಾಗಿ ತೋರಿಸುವ ‘ಡ್ಯಾಶ್‌ಬೋರ್ಡ್’ ಎಂಬ ಸಾಧನವನ್ನು ಕುರಿತು ಬರೆಯಹೊರಟಾಗ ನಮಗೆ ಮೊದಲು ನೆನಪಾದುದು ಈ ಬೆಟ್ಟ. ಗಿರಾಕಿಗಳ ಲೆಕ್ಕವೂ ಇಂತಹುದೇ ಒಂದು ಬಂಡೆಗಳ ರಾಶಿ. ಅದರಲ್ಲಿ ಆಕೃತಿಯನ್ನು ಕಾಣಿಸಿಕೊಡುವುದು ಸಾಫ್ಟ್‌ವೇರ್. ಯಾವ ಸಾಫ್ಟ್‌ವೇರನ್ನು ಆರಿಸಿಕೊಂಡರೆ ಕಾಣುವ ಆಕೃತಿ ನಿಜಕ್ಕೆ ಹತ್ತಿರವಾಗಿರುವುದು? ಭೌತಶಾಸ್ತ್ರದ ಅಧ್ಯಾಪಕರಾದ ನಮಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟಾದುದು ಹೀಗೆ.

ಮುಂಗಾರಿನ ಮುಂಚಿನ ಪ್ರಶ್ನೆ

ನಮ್ಮಲ್ಲಿ ಬಿ.ಎಸ್ಸಿ. ಓದಿ ಹೋದ ವಿದ್ಯಾರ್ಥಿಯೊಬ್ಬ ಒಂದು ಮೇ ತಿಂಗಳಲ್ಲಿ ಮನೆಗೆ ಬಂದ. ಅವನ ತಂದೆಯವರದು ಬೀಜ, ಗೊಬ್ಬರ, ಕೀಟನಾಶಕಗಳ ವ್ಯಾಪಾರ. ಸುರಪುರದಲ್ಲಿ ಮೊದಲ ಅಂಗಡಿ, ಅನಂತರ ಶಹಾಪುರದಲ್ಲಿ ಒಂದು, ಯಾದಗಿರಿಯಲ್ಲಿ ಒಂದು. “ಸರ್, ಗಿರಾಕಿಗಳ ಲೆಕ್ಕಕ್ಕ ಡ್ಯಾಶ್‌ಬೋರ್ಡ್ ಮಾಡಿಸಬೇಕಂತ ಮಾಡೀನ್ರಿ. ಯಾವ ಸಾಫ್ಟ್‌ವೇರ್ ತಗೋಬೇಕ್ರಿ?” ಎಂಬುದು ಅವನ ಪ್ರಶ್ನೆ. ಗೆಳೆಯನೊಬ್ಬ ಪರೀಕ್ಷಾರ್ಥವಾಗಿ ಮಾಡಿಕೊಟ್ಟಿದ್ದ ಒಂದು ಫಲಕವನ್ನೂ ಅವನು ಲ್ಯಾಪ್‌ಟಾಪಿನಲ್ಲಿ ತೋರಿಸಿದ. ನಕ್ಷೆಯ ಮೇಲೆ ಕೆಲವು ಹಳ್ಳಿಗಳು ಹಸಿರಾಗಿಯೂ ಕೆಲವು ಕೆಂಪಾಗಿಯೂ ಹೊಳೆಯುತ್ತಿದ್ದುವು. ಹಸಿರೆಂದರೆ ಉದ್ರಿ ಬಾಕಿ ಸಕಾಲಕ್ಕೆ ಬಂದ ಹಳ್ಳಿ, ಕೆಂಪೆಂದರೆ ಬಾರದ ಹಳ್ಳಿ.

ನಮ್ಮ ಕಡೆಯ ಬೀಜದ ವ್ಯಾಪಾರವನ್ನು ಬಲ್ಲವರಿಗೆ ಈ ಬಣ್ಣಗಳ ಅರ್ಥ ಹೇಳಬೇಕಾಗಿಲ್ಲ. ಮೃಗಶಿರ ಮಳೆ ಬಿದ್ದಾಗ ಒಕ್ಕಲಿಗನ ಕೈಯಲ್ಲಿ ನಗದು ಇರುವುದು ಅಪರೂಪ. ಬೀಜ, ಗೊಬ್ಬರಗಳನ್ನು ಉದ್ರಿ ತಂದು, ಬೆಳೆ ಮಾರಿದ ಮೇಲೆ ಬಾಕಿ ತೀರಿಸುವುದು ವಾಡಿಕೆ. ಬಿತ್ತನೆಯ ವಾರದಲ್ಲಿ ಉದ್ರಿ ಸಿಕ್ಕದಿದ್ದರೆ ಅವನು ಹೆಚ್ಚು ಬಡ್ಡಿಗೆ ಸಾಲ ಮಾಡಬೇಕು. ಇಲ್ಲವೆ ಹದ ತಪ್ಪಿಸಿಕೊಳ್ಳಬೇಕು. ಅತ್ತ ವರ್ತಕನು ತೀರಿಸಲಾರದವರಿಗೆ ಕೊಟ್ಟರೆ ಅವನ ಬಂಡವಾಳವೇ ಮುಳುಗುವುದು. ಆ ಮನೆಯವರು ಫಲಕವನ್ನು ನೋಡಿ, ಕೆಂಪು ಹಳ್ಳಿಗಳಿಗೆ ಉದ್ರಿಯನ್ನು ನಿಲ್ಲಿಸಿ, ಹಸಿರು ಹಳ್ಳಿಗಳಿಗೆ ಹೆಚ್ಚಿಸುವ ಯೋಚನೆಯಲ್ಲಿದ್ದರು. ಮಳೆಗೆ ಇನ್ನು ಮೂರು ವಾರಗಳಷ್ಟೇ ಉಳಿದಿದ್ದುವು.

ಸಾಫ್ಟ್‌ವೇರುಗಳ ವಿಚಾರದಲ್ಲಿ ನಾವು ಪಂಡಿತರಲ್ಲ. ಆದರೆ ಪ್ರಯೋಗಾಲಯದಲ್ಲಿ ಒಂದು ವಿದ್ಯೆಯನ್ನು ಪ್ರತಿವರ್ಷ ಕಲಿಸುತ್ತೇವೆ: ಅಳತೆಯ ಉಪಕರಣವನ್ನು ಆರಿಸುವುದು. ತಂತಿಯ ದಪ್ಪವನ್ನು ಅಳೆಯಲು ಮೀಟರ್ ಕೋಲು ಬಾರದು. ಕೊಠಡಿಯ ಉದ್ದವನ್ನು ಅಳೆಯಲು ಸ್ಕ್ರೂಗೇಜ್ ಬಾರದು. ಏನನ್ನು ಅಳೆಯಬೇಕು, ಉಪಕರಣದ ವ್ಯಾಪ್ತಿ ಎಷ್ಟು, ಅದರಲ್ಲಿ ಶೂನ್ಯ ದೋಷ ಉಂಟೋ, ಅಳೆಯುವ ಕ್ರಿಯೆಯೇ ಅಳೆಯಬೇಕಾದುದನ್ನು ಕೆಡಿಸುವುದೋ—ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಉಪಕರಣಕ್ಕೆ ಕೈಹಾಕಬಾರದು. ಅಂಗಡಿಯ ಲೆಕ್ಕಕ್ಕೂ ಈ ನಾಲ್ಕನ್ನೇ ಹಚ್ಚಿ ನೋಡೋಣವೆಂದು ಅವನಿಗೆ ಹೇಳಿದೆವು.

ಕೆಸರು ತಡೆಯುವ ಹಲಗೆಯಿಂದ

ಮೊದಲು ಈ ಸಾಧನದ ಪೂರ್ವಕಥೆಯನ್ನು ನೋಡುವುದು ಒಳ್ಳೆಯದು. ಡ್ಯಾಶ್‌ಬೋರ್ಡ್ ಎಂಬುದು ಮೂಲದಲ್ಲಿ ಕುದುರೆಗಾಡಿಯ ಮುಂಭಾಗದ ಹಲಗೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಂತೆ ತಡೆಯುವುದೇ ಅದರ ಕೆಲಸವಾಗಿತ್ತು. ಮೋಟಾರು ಬಂದ ಮೇಲೆ ಅದೇ ಸ್ಥಳದಲ್ಲಿ ವೇಗ, ಎಣ್ಣೆ, ಉಷ್ಣತೆಗಳನ್ನು ತೋರಿಸುವ ಮುಳ್ಳುಗಳು ಕುಳಿತುವು. ಇಂದು ಗಣಕದ ತೆರೆಯ ಮೇಲಿನ ಲೆಕ್ಕದ ಚಿತ್ರಗಳಿಗೂ ಅದೇ ಹೆಸರು ಬಂದಿದೆ.

ಲೆಕ್ಕವನ್ನು ಚಿತ್ರವಾಗಿ ಬರೆಯುವ ಕಲೆ ಗಣಕಕ್ಕಿಂತ ಎಷ್ಟೋ ಹಳೆಯದು. ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿದ್ದ ವಿಲಿಯಂ ಪ್ಲೇಫೇರ್ ಎಂಬಾತನು 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಾಗಿಯೂ ಸ್ಕಾಟ್ಲೆಂಡಿನ ವ್ಯಾಪಾರವನ್ನು ಕಂಬಗಳಾಗಿಯೂ ತೋರಿಸಿದನು. 1801ರಲ್ಲಿ ವೃತ್ತವನ್ನು ಹೋಳುಗಳಾಗಿ ಸೀಳಿ ತೋರಿಸುವ ಚಿತ್ರವೂ ಅವನಿಂದಲೇ ಬಂದಿತು. ಕೋಷ್ಟಕವನ್ನು ಗಣಕಕ್ಕೆ ತಂದುದು 1979ರ ವಿಸಿಕ್ಯಾಲ್ಕ್. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ಅದರ ಕರ್ತೃಗಳು. ಒಂದು ಮನೆಯ ಸಂಖ್ಯೆಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಉಳಿದ ಮನೆಗಳೆಲ್ಲ ತಾವಾಗಿ ಬದಲಾಗುವುದು ಆ ಕಾಲಕ್ಕೆ ಮಾಯೆಯಂತೆ ತೋರಿತು. 1985ರಲ್ಲಿ ಹೊರಬಂದ ಎಕ್ಸೆಲ್ ಅದೇ ಕುಲದ್ದು. ಇವಕ್ಕೂ ಮುಂಚೆ, 1970ರಲ್ಲಿ, ಐ.ಬಿ.ಎಂ. ಸಂಸ್ಥೆಯ ಇ. ಎಫ್. ಕಾಡ್ ಎಂಬ ಗಣಿತಜ್ಞನು ದೊಡ್ಡ ಲೆಕ್ಕರಾಶಿಗಳನ್ನು ಪರಸ್ಪರ ಕೊಂಡಿಯಿಟ್ಟ ಕೋಷ್ಟಕಗಳಾಗಿ ಕಾಪಾಡುವ ಕ್ರಮವನ್ನು ಸೂಚಿಸಿದ್ದನು. ಇಂದಿನ ಡೇಟಾಬೇಸುಗಳಲ್ಲಿ ಬಹುಪಾಲು ಆ ತಳಹದಿಯ ಮೇಲೆಯೇ ನಿಂತಿವೆ. ಲೆಕ್ಕ ಕೂಡಿಡುವ ಡೇಟಾಬೇಸು, ಲೆಕ್ಕ ಹಾಕುವ ಕೋಷ್ಟಕ, ಚಿತ್ರ ಬರೆಯುವ ಫಲಕ: ಈ ಮೂರೂ ಬೇರೆ ಬೇರೆ ಕೆಲಸಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮಾರುವವರು ಮೂರನ್ನೂ ಒಂದೇ ಹೆಸರಿನಲ್ಲಿ ಹೇಳುವುದುಂಟು.

ವ್ಯಾಪ್ತಿಯ ಲೆಕ್ಕ

ಏನನ್ನು ಅಳೆಯಬೇಕು? ನಮ್ಮ ವಿದ್ಯಾರ್ಥಿ ಮೊದಲು ಇಪ್ಪತ್ತು ಅಂಶಗಳ ಪಟ್ಟಿ ಕೊಟ್ಟ. ಅವುಗಳಲ್ಲಿ ಯಾವುದನ್ನು ನೋಡಿದರೆ ಮರುದಿನ ಅಂಗಡಿಯಲ್ಲಿ ಬೇರೆ ರೀತಿ ನಡೆದುಕೊಳ್ಳುವೆ ಎಂದು ಒಂದೊಂದಾಗಿ ಕೇಳುತ್ತ ಹೋದೆವು. ಕೊನೆಗೆ ನಾಲ್ಕು ಉಳಿದುವು: ಯಾರ ಬಾಕಿ ಎಷ್ಟು, ಅದು ಎಷ್ಟು ದಿನಗಳದ್ದು, ಯಾವ ಬೀಜ ಯಾವ ವಾರದಲ್ಲಿ ಎಷ್ಟು ಹೋಗುವುದು, ದಾಸ್ತಾನು ಎಷ್ಟಿದೆ.

ಇನ್ನು ವ್ಯಾಪ್ತಿ. ಮೂರು ಅಂಗಡಿಗಳಲ್ಲಿ ದಿನಕ್ಕೆ ತಲಾ 100 ಬಿಲ್ಲು, ಬಿಲ್ಲಿಗೆ 5 ಸಾಲು, ವರ್ಷಕ್ಕೆ 300 ದಿನವೆಂದು ಹಿಡಿದರೆ ವರ್ಷಕ್ಕೆ 4,50,000 ಸಾಲುಗಳಾಗುವುವು. ಎಕ್ಸೆಲಿನ ಒಂದು ಹಾಳೆಯಲ್ಲಿ ಹಿಡಿಯುವುದು 10,48,576 ಸಾಲು. ಎರಡು ವರ್ಷ ದಾಟಿ ಕೆಲವು ತಿಂಗಳಲ್ಲಿ ಹಾಳೆ ತುಂಬುವುದು. ಆದರೆ ಬಾಕಿಯನ್ನು ತಿಳಿಯಲು ಬಿಲ್ಲಿನ ಒಳಸಾಲುಗಳು ಬೇಕಿಲ್ಲ. ಬಿಲ್ಲಿಗೊಂದು ಸಾಲು ಸಾಕು. ಆಗ ವರ್ಷಕ್ಕೆ 90,000 ಸಾಲು. ಅದೇ ಹಾಳೆ ಹನ್ನೊಂದು ವರ್ಷಕ್ಕೂ ಮಿಕ್ಕು ಬರುವುದು. ಪ್ರಶ್ನೆ ಬದಲಾದಂತೆ ಬೇಕಾಗುವ ಉಪಕರಣವೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಡ.

ವ್ಯಾಪ್ತಿಯನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಅಲ್ಲಿಯ ಕೋವಿಡ್ ಲೆಕ್ಕದಿಂದ 15,841 ಸೋಂಕಿತರ ವಿವರಗಳು ಬಿಟ್ಟುಹೋದುವು. ಪ್ರಯೋಗಾಲಯಗಳಿಂದ ಬಂದ ಪಟ್ಟಿಯನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬಲಾಗುತ್ತಿತ್ತು. ಆ ಮಾದರಿಯ ಹಾಳೆಯಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಒಬ್ಬ ರೋಗಿಗೆ ಹಲವು ಸಾಲುಗಳು ಬೇಕಾಗುತ್ತಿದ್ದುವು. ಮಿಕ್ಕ ಸಾಲುಗಳು ಸದ್ದಿಲ್ಲದೆ ಉದುರಿಹೋದುವು. ಅವರ ಸಂಪರ್ಕದಲ್ಲಿದ್ದವರಿಗೆ ಸಕಾಲದಲ್ಲಿ ಎಚ್ಚರಿಕೆ ಮುಟ್ಟಲಿಲ್ಲ. ಫ್ಯೂಸು ಸುಟ್ಟು ಹೋದರೆ ದೀಪ ಆರುವುದು, ನಮಗೆ ತಿಳಿಯುವುದು. ಇಲ್ಲಿ ದೀಪ ಆರಲಿಲ್ಲ. ಫಲಕದ ಮೇಲೆ ಸಂಖ್ಯೆಗಳು ಎಂದಿನಂತೆ ಹೊಳೆಯುತ್ತಲೇ ಇದ್ದುವು. ಆದುದರಿಂದ ಯಾವ ಸಾಫ್ಟ್‌ವೇರನ್ನೇ ಕೊಳ್ಳಲಿ, ‘ಮಿತಿ ಮೀರಿದಾಗ ಇದು ನಮಗೆ ತಿಳಿಸುವುದೋ?’ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಶೂನ್ಯ ದೋಷ

ಸ್ಕ್ರೂಗೇಜಿನ ಎರಡು ತುದಿಗಳು ಮುಚ್ಚಿಕೊಂಡಾಗಲೂ ಅದು ಸೊನ್ನೆಯನ್ನು ತೋರಿಸದಿದ್ದರೆ ಅದಕ್ಕೆ ಶೂನ್ಯ ದೋಷವೆನ್ನುತ್ತೇವೆ. ಅನಂತರ ಎಷ್ಟು ಜಾಗರೂಕತೆಯಿಂದ ಅಳೆದರೂ ಪ್ರತಿಯೊಂದು ಅಳತೆಯಲ್ಲೂ ಆ ತಪ್ಪು ಸೇರಿಕೊಂಡೇ ಬರುವುದು. ಗಿರಾಕಿಗಳ ಲೆಕ್ಕದಲ್ಲಿ ಶೂನ್ಯ ದೋಷದ ಮೂಲ ಹೆಸರು.

ನಮ್ಮ ಮೂರು ಊರುಗಳನ್ನೇ ತೆಗೆದುಕೊಳ್ಳಿ. ಒಂದೇ ಊರನ್ನು ಸುರಪುರವೆಂದೂ ಶೋರಾಪುರವೆಂದೂ ಬರೆಯುತ್ತಾರೆ. ಯಾದಗಿರಿ, ಯಾದಗೀರ ಎಂಬ ಎರಡು ರೂಪಗಳುಂಟು. ಶಹಾಪುರಕ್ಕೆ ಶಾಪುರ, ಶಹಾಪೂರ ಮೊದಲಾದ ರೂಪಗಳಿವೆ. ಓದುವ ಮನುಷ್ಯನಿಗೆ ಇವೆಲ್ಲ ಒಂದೇ. ಯಂತ್ರಕ್ಕೆ ಒಂದಕ್ಷರ ಬದಲಾದರೂ ಬೇರೆ ಊರು. ಸಾಲದುದಕ್ಕೆ ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಒಂದು ಶಹಾಪುರ, ನಮ್ಮ ಬೆಳಗಾವಿಯಲ್ಲಿಯೇ ಒಂದು ಶಹಾಪುರ. ಹೆಸರನ್ನು ಮಾತ್ರ ಕೊಟ್ಟು ನಕ್ಷೆ ಬರೆಯಹೇಳಿದರೆ ಯಂತ್ರವು ನಮ್ಮ ಗಿರಾಕಿಯನ್ನು ಸಹ್ಯಾದ್ರಿಯ ಆಚೆ ಕೂರಿಸಿದರೂ ಆಶ್ಚರ್ಯವಿಲ್ಲ. ಮನುಷ್ಯರ ಹೆಸರುಗಳ ಪಾಡು ಇನ್ನೂ ಕಷ್ಟ. ಬಸವರಾಜ, ಬಸಪ್ಪ, ಬಸ್ಸಣ್ಣ ಎಂಬವು ಮೂವರ ಹೆಸರಾಗಿರಬಹುದು, ಒಬ್ಬನದೇ ಮೂರು ಕರೆಹೆಸರೂ ಆಗಿರಬಹುದು.

ಹಳೆಯ ಕನ್ನಡ ಕಡತಗಳು ಮತ್ತೊಂದು ತೊಡಕು. ಯೂನಿಕೋಡ್ ಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಟ್ಟಿಗಳು ನಮ್ಮ ಅಂಗಡಿಗಳಲ್ಲಿಯೂ ಕಚೇರಿಗಳಲ್ಲಿಯೂ ಇನ್ನೂ ಉಳಿದಿವೆ. ಅವುಗಳ ಒಳಗಿರುವುದು ವಾಸ್ತವವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲಿನ ವೇಷ ಮಾತ್ರ ಕನ್ನಡದ್ದು. ಅವನ್ನು ಹಾಗೆಯೇ ಹೊಸ ಫಲಕಕ್ಕೆ ಸುರಿದರೆ ಗಿರಾಕಿಗಳ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುವುದು. ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು.

ಈ ದೋಷವನ್ನು ಯಾವ ದುಬಾರಿ ಸಾಫ್ಟ್‌ವೇರೂ ತಾನಾಗಿ ನೀಗಲಾರದು. ಪರಿಹಾರ ಸರಳವಾದುದು, ಆದರೆ ಬೇಸರದ್ದು: ಪ್ರತಿಯೊಬ್ಬ ಗಿರಾಕಿಗೆ ಒಂದು ಸಂಖ್ಯೆ, ಮೂರೂ ಅಂಗಡಿಗಳಲ್ಲಿ ಅದೇ ಸಂಖ್ಯೆ, ಊರಿನ ಹೆಸರನ್ನು ಪ್ರತಿಸಲ ಬೆರಳಚ್ಚು ಮಾಡದೆ ಒಂದು ಸಿದ್ಧ ಪಟ್ಟಿಯಿಂದ ಆರಿಸುವುದು, ಜೊತೆಗೆ ಪಿನ್ ಕೋಡ್.

ಸರಾಸರಿಯ ಮರೆಯಲ್ಲಿ

ಇನ್ನು ಆ ಹಸಿರು-ಕೆಂಪು ಫಲಕಕ್ಕೆ ಬರೋಣ. ವ್ಯಾಪಾರದ ಗುಟ್ಟನ್ನು ಕಾಯುವ ಸಲುವಾಗಿ ಸಂಖ್ಯೆಗಳನ್ನು ದುಂಡಾಗಿ ಮಾಡಿ ಕೊಡುತ್ತೇವೆ. ಅವುಗಳ ಪರಸ್ಪರ ಸಂಬಂಧದಲ್ಲಿ ವ್ಯತ್ಯಾಸವಿಲ್ಲ.

ಫಲಕದ ನೆತ್ತಿಯ ಮೇಲೆ ದಪ್ಪಕ್ಷರಗಳಲ್ಲಿ ಹೀಗಿತ್ತು: ಬಾಕಿ ತೀರಿಸಿದವರು ಹಿಂದಿನ ವರ್ಷ ನೂರಕ್ಕೆ 72, ಈ ವರ್ಷ ನೂರಕ್ಕೆ 80.6. ಮನೆಯವರೆಲ್ಲ ಇದನ್ನು ನೋಡಿ ಸಂತೋಷಪಟ್ಟಿದ್ದರು. ಈ ಸಂಖ್ಯೆಯನ್ನು ಎರಡು ಪಾಲು ಮಾಡಿ ನೋಡೋಣವೆಂದು ನಾವು ಸೂಚಿಸಿದೆವು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಸಹಜವಾದ ಗೆರೆಯೊಂದುಂಟು. ಕೃಷ್ಣೆಗೆ ನಾರಾಯಣಪುರದ ಬಳಿ ಕಟ್ಟಿದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಕಡೆಗೆ ನೀರು ತಂದಿದೆ. ಅಲ್ಲಿ ಬತ್ತ ಬೆಳೆಯುವುದು. ಕಾಲುವೆ ಮುಟ್ಟದ ಕಡೆ ತೊಗರಿ, ಹೆಸರು, ಶೇಂಗಾ ಮೊದಲಾದ ಬೆಳೆಗಳು ಮಳೆಯನ್ನೇ ನಂಬಿ ನಿಂತಿವೆ.

ಹಿಂದಿನ ವರ್ಷ ಉದ್ರಿ ಪಡೆದವರು 500 ಜನ. ಅವರಲ್ಲಿ ನೀರಾವರಿಯವರು 200, ತೀರಿಸಿದವರು 180; ಎಂದರೆ ನೂರಕ್ಕೆ 90. ಖುಷ್ಕಿಯವರು 300, ತೀರಿಸಿದವರು 180, ನೂರಕ್ಕೆ 60. ಈ ವರ್ಷವೂ ಒಟ್ಟು 500 ಜನವೇ. ಆದರೆ ನೀರಾವರಿಯವರು 400, ತೀರಿಸಿದವರು 348, ನೂರಕ್ಕೆ 87. ಖುಷ್ಕಿಯವರು 100, ತೀರಿಸಿದವರು 55, ನೂರಕ್ಕೆ 55. ವಾಚಕರು ಕೂಡಿ ನೋಡಲಿ. ನೀರಾವರಿಯಲ್ಲಿ ವಸೂಲಿ ಇಳಿದಿದೆ, ಖುಷ್ಕಿಯಲ್ಲೂ ಇಳಿದಿದೆ. ಎರಡೂ ಕೂಡಿದಾಗ ಮಾತ್ರ ಏರಿದೆ! ಇದರಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ಗಿರಾಕಿಗಳ ಮಿಶ್ರಣ ಬದಲಾಗಿದೆ, ಅಷ್ಟೆ. ಹೆಚ್ಚು ತೀರಿಸುವ ಗುಂಪಿನವರ ಸಂಖ್ಯೆ ಇಮ್ಮಡಿಯಾದುದರಿಂದ ಒಟ್ಟು ಸರಾಸರಿ ಮೇಲಕ್ಕೆ ಹೋಯಿತು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ನನ ವಿರೋಧಾಭಾಸವೆಂದು ಕರೆಯುತ್ತಾರೆ. 1951ರಲ್ಲಿ ಎಡ್ವರ್ಡ್ ಸಿಂಪ್ಸನ್ ಇದನ್ನು ವಿವರಿಸಿದ. ಅದಕ್ಕೂ ಮುಂಚೆ 1903ರಲ್ಲಿ ಉಡ್ನಿ ಯೂಲ್ ಇದನ್ನು ಗುರುತಿಸಿದ್ದ.

ಮಾತು ಇಲ್ಲಿಗೆ ಮುಗಿಯಲಿಲ್ಲ. ಖುಷ್ಕಿಯಲ್ಲಿ ತೀರಿಸಲಿಲ್ಲವೆಂದು ಫಲಕ ತೋರಿಸುತ್ತಿದ್ದ 45 ಹೆಸರುಗಳನ್ನು ಕಿರ್ದಿ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡುವಂತೆ ನಮ್ಮ ವಿದ್ಯಾರ್ಥಿಗೆ ಹೇಳಿದೆವು. ಅವನು ಎರಡು ರಾತ್ರಿ ಕುಳಿತು ನೋಡಿದ. ಅವರಲ್ಲಿ 11 ಜನ ಹಣವನ್ನು ಪೂರ್ತಿ ಕಟ್ಟಿದವರೇ ಆಗಿದ್ದರು! ಅವರು ಸುರಪುರದ ಅಂಗಡಿಯಲ್ಲಿ ಉದ್ರಿ ಪಡೆದು, ತೊಗರಿ ಮಾರಲು ಯಾದಗಿರಿಯ ಗಂಜಿಗೆ ಬಂದಾಗ ಅಲ್ಲಿಯ ಅಂಗಡಿಯಲ್ಲಿಯೇ ಬಾಕಿ ತೀರಿಸಿದ್ದರು. ಕೆಲವರು ಮಗನ ಫೋನಿನಿಂದ ಯು.ಪಿ.ಐ. ಮೂಲಕ ಕಳುಹಿಸಿದ್ದರು. ಸುರಪುರದ ಲೆಕ್ಕದಲ್ಲಿ ಒಂದು ಹೆಸರು, ಯಾದಗಿರಿಯ ಲೆಕ್ಕದಲ್ಲಿ ಮತ್ತೊಂದು. ಯಂತ್ರದ ಕಣ್ಣಿಗೆ ಒಬ್ಬ ಸಾಲಗಾರ, ಇನ್ನೊಬ್ಬ ಮುಂಗಡ ಕೊಟ್ಟ ಪುಣ್ಯಾತ್ಮ. ಈ 11 ಜನರನ್ನು ಸೇರಿಸಿದರೆ ಖುಷ್ಕಿಯ ವಸೂಲಿ ನೂರಕ್ಕೆ 66 ಆಗುವುದು. ಎಂದರೆ ಅದು ಹಿಂದಿನ ವರ್ಷದ 60ಕ್ಕಿಂತ ಮೇಲೇರಿತ್ತು. ನೀರಾವರಿಯ ಹೆಸರುಗಳನ್ನೂ ಹಾಗೆಯೇ ತಾಳೆ ನೋಡಿದಾಗ ಅಲ್ಲಿ ಇಂತಹ ತಪ್ಪು ಸಿಕ್ಕಲಿಲ್ಲ. ಆ 87 ಹಾಗೆಯೇ ನಿಂತಿತು.

ಕೆಂಪಾಗಿ ತೋರಿದ ಕಡೆ ಸುಧಾರಣೆ, ಹಸಿರಾಗಿ ತೋರಿದ ಕಡೆ ಇಳಿತ. ಆ ಫಲಕವನ್ನು ನಂಬಿದ್ದರೆ ಪ್ರಾಮಾಣಿಕವಾಗಿ ತೀರಿಸಿದ ಹನ್ನೊಂದು ಮನೆಗಳಿಗೆ ಆ ಮುಂಗಾರಿನಲ್ಲಿ ಬೀಜ ಸಿಕ್ಕುತ್ತಿರಲಿಲ್ಲ. ವರ್ತಕರೂ ತಮ್ಮ ಹೆಚ್ಚಿನ ಹಣವನ್ನು, ವಸೂಲಿ ಇಳಿಯುತ್ತಿರುವ ಕಡೆಗೇ ಸುರಿಯುತ್ತಿದ್ದರು.

ಕಣ್ಣು ಮತ್ತು ಚಿತ್ರ

ಚಿತ್ರದ ರೂಪವೂ ಉಪಕರಣದ ಒಂದು ಭಾಗವೇ. 1984ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ಚಿತ್ರಗಳನ್ನು ನೋಡಿ ಜನರು ಪ್ರಮಾಣವನ್ನು ಎಷ್ಟು ಸರಿಯಾಗಿ ಊಹಿಸುವರೆಂದು ಪ್ರಯೋಗ ಮಾಡಿದರು. ಒಂದೇ ಮಾನಗೆರೆಯ ಮೇಲಿನ ಸ್ಥಾನಗಳನ್ನು ಹೋಲಿಸುವಾಗ ಕಣ್ಣು ತಪ್ಪುವುದು ಕಡಿಮೆ. ಕೋನಗಳನ್ನು ಹೋಲಿಸುವಾಗ ತಪ್ಪು ಹೆಚ್ಚು. ಕ್ಷೇತ್ರಫಲವನ್ನೂ ಬಣ್ಣದ ಗಾಢತೆಯನ್ನೂ ಅವರು ಇನ್ನೂ ಕೆಳಗಿನ ಮೆಟ್ಟಿಲುಗಳಲ್ಲಿ ಇಟ್ಟರು. ಆದಕಾರಣ ಹೋಳು ಮಾಡಿದ ವೃತ್ತಕ್ಕಿಂತ ಒಂದೇ ತಳದಿಂದ ಎದ್ದ ಕಂಬಗಳು ಮೇಲು. ಬರಿಯ ಕೆಂಪು ಹಸಿರುಗಳು ಎಲ್ಲಕ್ಕಿಂತ ಕೀಳು. ಅವು ‘ಎಷ್ಟು’ ಎಂಬುದನ್ನು ನುಂಗಿ ‘ಒಳ್ಳೆಯದು’, ‘ಕೆಟ್ಟದು’ ಎಂಬ ತೀರ್ಪನ್ನು ಮಾತ್ರ ಹೇಳುವುವು. ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದ ಕಣ್ಣಿನವರೂ ನಮ್ಮ ನಡುವೆ ಇದ್ದಾರೆ.

ಮಟ್ಟ ಮತ್ತು ಬದಲಾವಣೆಗಳ ವ್ಯತ್ಯಾಸವನ್ನೂ ಚಿತ್ರ ತೋರಿಸಬೇಕು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ರಾಯಚೂರು, ಯಾದಗಿರಿ ಎಂಬ ಎರಡು ಜಿಲ್ಲೆಗಳು ಸೇರಿದುವು. ಆರೋಗ್ಯ, ಶಿಕ್ಷಣ, ಕೃಷಿ ಮೊದಲಾದ ಕ್ಷೇತ್ರಗಳ 49 ಸೂಚಕಗಳನ್ನು ನೀತಿ ಆಯೋಗವು ಒಂದು ಸಾರ್ವಜನಿಕ ಫಲಕದ ಮೇಲೆ ತೋರಿಸಿತು. ಅಲ್ಲಿ ಜಿಲ್ಲೆ ಎಲ್ಲಿದೆ ಎಂಬುದರ ಜೊತೆಗೆ ಎಷ್ಟು ಮುಂದೆ ಸರಿಯಿತು ಎಂಬುದಕ್ಕೂ ಬೇರೆ ಶ್ರೇಣಿಯನ್ನು ಕೊಡಲಾಯಿತು. ಸ್ಥಾನ ಬೇರೆ, ವೇಗ ಬೇರೆ ಎಂದು ನಾವು ತರಗತಿಯಲ್ಲಿ ಹೇಳುವುದೂ ಇದನ್ನೇ. ಹಿಂದುಳಿದ ಕಡೆಯಿಂದ ಹೊರಟವನ ಓಟವನ್ನು ಸ್ಥಾನದಿಂದ ಮಾತ್ರ ಅಳೆದರೆ ಅವನಿಗೆ ಅನ್ಯಾಯವಾಗುವುದು.

ಪೇಟೆಯಲ್ಲಿರುವ ಉಪಕರಣಗಳು

ಇಷ್ಟನ್ನು ತಿಳಿದ ಮೇಲೆ ಉಪಕರಣಗಳ ಆಯ್ಕೆ ಕಠಿನವಲ್ಲ. ನಮ್ಮ ಊರಿನ ಅನೇಕ ಅಂಗಡಿಗಳಲ್ಲಿ ಈಗಾಗಲೇ ಇರುವುದು ಟ್ಯಾಲಿ. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯದು. ಖಾತೆ, ದಾಸ್ತಾನು, ಜಿ.ಎಸ್.ಟಿ.ಗಳಿಗೆ ಅದು ಸಾಕು. ಬಾಕಿ ಎಷ್ಟು ದಿನಗಳದ್ದೆಂಬ ಪಟ್ಟಿಯೂ ಅದರಲ್ಲಿ ಬರುವುದು. ಅದರೊಳಗಿನ ಲೆಕ್ಕವನ್ನು ಎಕ್ಸೆಲಿಗೆ ಇಳಿಸಿಕೊಳ್ಳಬಹುದು. ಸಣ್ಣ ವರ್ತಕನು ಬೇರೇನನ್ನಾದರೂ ಕೊಳ್ಳುವ ಮುಂಚೆ ತನ್ನಲ್ಲಿರುವುದು ಏನೇನು ಮಾಡಬಲ್ಲುದೆಂದು ನೋಡಿಕೊಳ್ಳಬೇಕು.

ಎರಡನೆಯದು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್. ಕಲಿಯಲು ಸುಲಭ, ಆದರೆ ಯಾರು ಬೇಕಾದರೂ ಯಾವ ಮನೆಯನ್ನಾದರೂ ತಿದ್ದಬಹುದಾದುದರಿಂದ ಕೆಡಿಸುವುದೂ ಸುಲಭ. ಎಕ್ಸೆಲಿನಲ್ಲಿ ಪವರ್ ಕ್ವೆರಿ ಎಂಬ ಅಂಗವೊಂದಿದೆ. ಹೆಸರುಗಳನ್ನು ಶುದ್ಧಿ ಮಾಡುವ ಕ್ರಮವನ್ನು ಒಮ್ಮೆ ಕಲಿಸಿಕೊಟ್ಟರೆ ಪ್ರತಿ ತಿಂಗಳೂ ಅದನ್ನೇ ತಪ್ಪದೆ ಮಾಡುವುದು.

ಮೂರನೆಯದು ಫಲಕಕ್ಕಾಗಿಯೇ ಹುಟ್ಟಿದ ಸಾಫ್ಟ್‌ವೇರುಗಳು. 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹೊರಟ ಟ್ಯಾಬ್ಲೋ ಚಿತ್ರಗಳ ಸೊಗಸಿಗೆ ಹೆಸರಾದುದು. ಬೆಲೆಯೂ ಅದಕ್ಕೆ ತಕ್ಕಂತಿದೆ. ಅದರ ಉಚಿತ ರೂಪವಾದ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಪ್ರಕಟಿಸಿದ ಚಿತ್ರ ಜಗತ್ತಿಗೆಲ್ಲ ಕಾಣುವುದು. ಗಿರಾಕಿಗಳ ಬಾಕಿಯ ಪಟ್ಟಿಯನ್ನು ಅಲ್ಲಿಡುವುದು ಸಂತೆಯಲ್ಲಿ ಡಂಗುರ ಸಾರಿದಂತೆ. ಮೈಕ್ರೋಸಾಫ್ಟಿನ ಪವರ್ ಬಿ.ಐ. 2015ರಲ್ಲಿ ಬಂದಿತು. ಅದರ ಡೆಸ್ಕ್‌ಟಾಪ್ ರೂಪ ಉಚಿತ, ಆದರೆ ವಿಂಡೋಸ್ ಗಣಕದಲ್ಲಿ ಮಾತ್ರ ನಡೆಯುವುದು. ಫಲಕವನ್ನು ಅಂತರಜಾಲದ ಮೂಲಕ ಇತರರೊಡನೆ ಹಂಚಿಕೊಳ್ಳಲು ಸಾಮಾನ್ಯವಾಗಿ ಶುಲ್ಕ ತೆರಬೇಕು. ಗೂಗಲ್ ಸಂಸ್ಥೆಯದು 2016ರಲ್ಲಿ ಡೇಟಾ ಸ್ಟುಡಿಯೋ ಎಂದು ಹುಟ್ಟಿ, 2022ರಲ್ಲಿ ಲುಕರ್ ಸ್ಟುಡಿಯೋ ಎಂದು ಹೆಸರು ಬದಲಿಸಿಕೊಂಡಿತು. ಅದಕ್ಕೆ ಅಂತರಜಾಲ ಬೇಕೇ ಬೇಕು.

ನಾಲ್ಕನೆಯದು ಮುಕ್ತ ತಂತ್ರಾಂಶಗಳು: ಮೆಟಾಬೇಸ್, ಅಪಾಚೆ ಸೂಪರ್‌ಸೆಟ್ ಮೊದಲಾದುವು. ಇವಕ್ಕೆ ಪರವಾನಗಿಯ ಶುಲ್ಕವಿಲ್ಲ. ಲೆಕ್ಕವನ್ನು ನಮ್ಮ ಗಣಕದಲ್ಲಿಯೇ ಇಟ್ಟುಕೊಳ್ಳಬಹುದು. ಆದರೆ ಡೇಟಾಬೇಸನ್ನೂ ಸರ್ವರನ್ನೂ ನೋಡಿಕೊಳ್ಳುವ ಒಬ್ಬ ಬಲ್ಲವನು ಬೇಕು. ಅವನು ಕೆಲಸ ಬಿಟ್ಟು ಹೋದರೆ ಏನು ಗತಿ ಎಂಬುದನ್ನೂ ಬೆಲೆಯ ಲೆಕ್ಕದಲ್ಲಿ ಸೇರಿಸಬೇಕು. ಯಾವುದನ್ನು ಆರಿಸಿದರೂ, ನಾಳೆ ಅದನ್ನು ಬಿಡಬೇಕಾಗಿ ಬಂದಾಗ ನಮ್ಮ ಲೆಕ್ಕವನ್ನು ಪೂರ್ತಿಯಾಗಿ ಹೊರತೆಗೆಯಲು ಬರುವುದೋ ಎಂದು ಕೊಳ್ಳುವ ದಿನವೇ ಮಾಡಿ ನೋಡಬೇಕು.

ಅಳೆಯುವುದರ ಹೊರೆ

ನಾಲ್ಕನೆಯ ಪ್ರಶ್ನೆ ಉಳಿಯಿತು. ಆಮ್‌ಮೀಟರನ್ನು ಮಂಡಲಕ್ಕೆ ಸೇರಿಸಿದಾಗ ಅದರ ರೋಧದಿಂದ ಪ್ರವಾಹವೇ ಸ್ವಲ್ಪ ಕಡಿಮೆಯಾಗುವುದು. ಆದುದರಿಂದಲೇ ಆ ರೋಧವನ್ನು ಆದಷ್ಟು ಕಿರಿದಾಗಿ ಇಡುತ್ತೇವೆ. ಡ್ಯಾಶ್‌ಬೋರ್ಡಿಗೂ ಇಂತಹ ಹೊರೆ ಉಂಟು. ಬಿತ್ತನೆಯ ದಿನ ಅಂಗಡಿಯ ಮುಂದೆ ಐವತ್ತು ಜನ ನಿಂತಿರುವಾಗ, ಹುಡುಗನಿಗೆ ಗಿರಾಕಿಯೊಬ್ಬನ ಬಗ್ಗೆ ಹನ್ನೆರಡು ವಿವರಗಳನ್ನು ತುಂಬಹೇಳಿದರೆ ಅವನು ಎಲ್ಲರಿಗೂ ಒಂದೇ ವಿವರವನ್ನು ತುಂಬಿ ಕೈತೊಳೆದುಕೊಳ್ಳುವನು. ಕಡಿಮೆ ಕೇಳಿದರೆ ನಿಜ ಸಿಕ್ಕುವುದು.

ಕಡಿಮೆ ಕೇಳುವುದಕ್ಕೆ ಕಾನೂನಿನ ಕಾರಣವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಮತ್ತು 2025ರ ನವೆಂಬರಿನಲ್ಲಿ ಪ್ರಕಟವಾದ ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಜನರ ವಿವರಗಳನ್ನು ತಿಳಿಸಿದ ಉದ್ದೇಶಕ್ಕಾಗಿ ಮಾತ್ರ ಬಳಸಬೇಕು, ಭದ್ರವಾಗಿ ಇಡಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ಸಾರ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು. ದಂಡದ ಮಾತಿರಲಿ, ಒಬ್ಬನ ಸಾಲದ ವಿವರ ಊರೆಲ್ಲ ಹರಡಿದರೆ ಅವನ ಮಾನಕ್ಕೆ ಬರುವ ಕುಂದನ್ನು ಯಾವ ಮೊತ್ತವೂ ತುಂಬಲಾರದು.

ಕೊನೆಗೆ ಆ ಮನೆಯವರು ಆರಿಸಿದುದು ಏನು? ಮೂರೂ ಅಂಗಡಿಗಳಲ್ಲಿ ಟ್ಯಾಲಿ. ಎಲ್ಲಕ್ಕೂ ಒಂದೇ ಗಿರಾಕಿ ಸಂಖ್ಯೆ. ವಾರಕ್ಕೊಮ್ಮೆ ಎಕ್ಸೆಲಿಗೆ ಇಳಿಸಿ, ಪವರ್ ಕ್ವೆರಿಯಿಂದ ಶುದ್ಧಿ ಮಾಡಿ, ನೀರಾವರಿ ಖುಷ್ಕಿಗಳನ್ನು ಬೇರೆಬೇರೆಯಾಗಿ ತೋರಿಸುವ ಒಂದೇ ಪುಟ. ಬಣ್ಣಗಳನ್ನು ತೆಗೆದು ಕಂಬಗಳನ್ನು ಹಾಕಿದರು. ಆ ಪುಟವನ್ನು ಅಚ್ಚು ಮಾಡಿ ಮೂರು ಅಂಗಡಿಗಳ ಗಲ್ಲಾಪೆಟ್ಟಿಗೆಯೊಳಗೆ ಇಡುವರು. ಆದಕಾರಣ ಹಂಚಿಕೆಯ ಶುಲ್ಕವೂ ಇಲ್ಲ. ಯಾರಿಗಾದರೂ ಉದ್ರಿ ನಿಲ್ಲಿಸುವ ಮುಂಚೆ ಅವನ ಹೆಸರನ್ನು ಕಿರ್ದಿಯೊಡನೆ ತಾಳೆ ನೋಡಬೇಕೆಂಬ ನಿಯಮವನ್ನು ತಂದೆಯವರೇ ಮಾಡಿದರು. ಸಾಲುಗಳ ಸಂಖ್ಯೆ ಬೆಳೆದು ಹಾಳೆ ಸಾಲದಾದ ದಿನ ಡೇಟಾಬೇಸು, ಮೆಟಾಬೇಸುಗಳ ಮಾತಾಡೋಣವೆಂದು ನಮ್ಮ ವಿದ್ಯಾರ್ಥಿ ಹೇಳಿದ್ದಾನೆ.

ಆ ವರ್ಷ ಮೃಗಶಿರ ಮಳೆ ಬಿದ್ದ ವಾರ ಅವನು ಫೋನು ಮಾಡಿದ್ದ. ಹಿಂದೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು. “ಸರ್, ಆ ಹನ್ನೊಂದು ಮಂದಿಗೂ ಬೀಜ ಕೊಟ್ಟೀವ್ರಿ” ಎಂದು ಹೇಳಿ, ಗಿರಾಕಿಗಳು ಕಾಯುತ್ತಿದ್ದಾರೆಂದು ಫೋನನ್ನು ಇಟ್ಟುಬಿಟ್ಟ.